ಐವತ್ತರ ಪೆಟ್ಟಿಗೆಯೊಳಗೆ ಏನಿರಲು ಸಾಧ್ಯ

ಹಳೆಯ ರಾಕ್ ಬ್ಯಾಂಡೊಂದರ ದೊಡ್ಡ ಆಲ್ಬಂಗೆ ನಲವತ್ತೋ ಐವತ್ತೋ ತುಂಬುವ ವರ್ಷ ಹತ್ತಿರ ಬಂತೆಂದರೆ, ಅಭಿಮಾನಿಗಳ ಬಯಕೆಪಟ್ಟಿ ಅದಕ್ಕೂ ಮುಂಚೆಯೇ ತಯಾರಾಗಿರುತ್ತದೆ. ಯಾವ ಬ್ಯಾಂಡಾದರೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಹೊಸ ಸ್ಟೀರಿಯೊ ರೀಮಿಕ್ಸ್, ಸುತ್ತಲೂ ಇಟ್ಟ ಸ್ಪೀಕರುಗಳಿಗೆಂದು ಮಾಡಿದ ಸರೌಂಡ್ ಮಿಕ್ಸ್, ಯಾರೂ ಕೇಳದ ಹಾಡುಗಳು, ಡೆಮೊಗಳು (ಹಾಡಿನ ಕಚ್ಚಾ ಮುದ್ರಣಗಳು), ಆ ವರ್ಷದ ಪ್ರವಾಸದ ಒಂದು ಪೂರ್ತಿ ಕಾನ್ಸರ್ಟ್, ಸಾಧ್ಯವಾದರೆ ಅದರ ಫಿಲ್ಮು. ಆಮೇಲೆ ವಾರ್ಷಿಕೋತ್ಸವದ ಪೆಟ್ಟಿಗೆಯ (ಹಲವು ಡಿಸ್ಕುಗಳ ಬಾಕ್ಸ್ ಸೆಟ್) ಬಗ್ಗೆ ಕಂಪನಿಯ ಪ್ರಕಟಣೆ ಬರುತ್ತದೆ. ಪಟ್ಟಿಯ ಅರ್ಧ ಕಾಣುವುದಿಲ್ಲ, ಯಾರೂ ಕೇಳದಿದ್ದ ವಸ್ತುಗಳು ಕಾಣುತ್ತವೆ. ಪಿಂಕ್ ಫ್ಲಾಯ್ಡ್ 2011ರಲ್ಲಿ ಹೊರತಂದ ಇಮ್ಮರ್ಶನ್ ಪೆಟ್ಟಿಗೆಗಳಲ್ಲಿ ಗೋಲಿಗಳಿದ್ದವು, ಸ್ಕಾರ್ಫ್ ಇತ್ತು. ಒಳಗಿದ್ದ ಸಂಗೀತ ನಿಜಕ್ಕೂ ಒಳ್ಳೆಯದೇ. ಆದರೂ ಇಷ್ಟು ವರ್ಷದ ಮೇಲೂ ಜನ ನೆನಪಿಸಿಕೊಂಡು ನಗುವುದು ಆ ಗೋಲಿಗಳನ್ನೇ. ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರಲ್ಲ, ಹಾಗೆ.

ಈ ನಿರಾಸೆಗೆ ಪ್ರತಿಸಲ ಕಂಪನಿಯ ಜಿಪುಣತನವನ್ನೇ ಕಾರಣ ಮಾಡುವುದುಂಟು. ಅದು ಅರ್ಧ ಸತ್ಯ. ಉಳಿದರ್ಧ ಕಪಾಟಿನಲ್ಲಿದೆ. ಯಾವ ಟೇಪು ಉಳಿದಿದೆ, ಯಾವ ಸ್ಥಿತಿಯಲ್ಲಿದೆ, ಅದರ ಮೇಲೆ ಯಾರ ಸಹಿ ಬೇಕು ಎಂಬ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮುಂದಿನ ಪೆಟ್ಟಿಗೆಯಲ್ಲಿ ಏನು ಬರಬಹುದು ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಲೂಬಹುದು.

ಎಪ್ಪತ್ತರ ದಶಕದ ಒಂದು ಆಲ್ಬಂ ಸಾಮಾನ್ಯವಾಗಿ ಮೂರು ಪದರಗಳಲ್ಲಿ ಉಳಿದಿರುತ್ತದೆ. ಮೊದಲನೆಯದು ಮಲ್ಟಿಟ್ರ್ಯಾಕ್. ಎರಡು ಇಂಚು ಅಗಲದ ಟೇಪು, ಅದರ ಮೇಲೆ 16 ಅಥವಾ 24 ಟ್ರ್ಯಾಕುಗಳು, ಡ್ರಮ್ ಬೇರೆ, ಬಾಸ್ ಬೇರೆ, ಹಾಡುಗಾರನ ದನಿ ಬೇರೆ. ಎರಡನೆಯದು ಅದನ್ನೆಲ್ಲ ಕೂಡಿಸಿ ಇಳಿಸಿದ ಸ್ಟೀರಿಯೊ ಮಾಸ್ಟರ್, ಸಾಮಾನ್ಯವಾಗಿ ಕಾಲು ಇಂಚಿನದು. ಮೂರನೆಯದು ಮಾಸ್ಟರಿನ ನಕಲುಗಳು. ಬೇರೆ ಬೇರೆ ದೇಶಗಳ ಕಾರ್ಖಾನೆಗೆ ಕಳಿಸಲು, ಎಲ್‌ಪಿ ಕೊರೆಯಲು ಅನುಕೂಲವಾಗುವಂತೆ ಬಾಸನ್ನು ಸ್ವಲ್ಪ ತಗ್ಗಿಸಿ, ಏರಿಳಿತವನ್ನು ಸ್ವಲ್ಪ ಒತ್ತಿ ಮಾಡಿದವು. ಎಂಬತ್ತರ ದಶಕದಲ್ಲಿ ಸಿಡಿ ಬಂದಾಗ ಅವಸರದಲ್ಲಿ ಕೈಗೆ ಸಿಕ್ಕಿದ್ದು ಎಷ್ಟೋ ಸಲ ಈ ಮೂರನೆಯ ಪದರ. ಹಳೆಯ ಸಿಡಿಗಳು ಮಂಕಾಗಿ ಕೇಳುವುದಕ್ಕೆ ಡಿಜಿಟಲ್ ತಂತ್ರವನ್ನು ಬೈಯುವವರು ಈ ಮಾತನ್ನು ಮರೆಯುತ್ತಾರೆ. ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಂನ ಮೊದಲ ತಲೆಮಾರಿನ ಸ್ಟೀರಿಯೊ ಮಾಸ್ಟರ್ ಕಳೆದೇ ಹೋಗಿದೆ ಎಂದು ಬಹುಕಾಲ ನಂಬಲಾಗಿತ್ತು. ಅದು ಸಿಕ್ಕಿ 2004ರ ಆವೃತ್ತಿ ಬಂದಾಗ, ಅಷ್ಟು ವರ್ಷ ಎಲ್ಲರೂ ಕೇಳುತ್ತಿದ್ದದ್ದು ನಕಲಿನ ನಕಲನ್ನು ಎಂದು ಗೊತ್ತಾಯಿತು.

ಇನ್ನು ‘ಹೊರಬಾರದ ಹಾಡು’ಗಳ ವಿಷಯ. ಇಲ್ಲಿ ಒಂದು ಸಣ್ಣ ಲೆಕ್ಕ ಬೇಕು. ಸ್ಟುಡಿಯೊ ರೀಲಿನಲ್ಲಿ 2,500 ಅಡಿ ಟೇಪು ಹಿಡಿಯುತ್ತದೆ. ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಅದು ಓಡುವುದು 33 ನಿಮಿಷ. 30 ಇಂಚಿನ ವೇಗದಲ್ಲಿ 17 ನಿಮಿಷವೂ ಇಲ್ಲ. ಆರು ನಿಮಿಷದ ಹಾಡನ್ನು ಇಪ್ಪತ್ತು ಸಲ ನುಡಿಸಿದರೆ ಎರಡು ಗಂಟೆ, ಅಂದರೆ ಹೆಚ್ಚಿನ ವೇಗದಲ್ಲಿ ಕನಿಷ್ಠ ಏಳೆಂಟು ರೀಲು, ಅದೂ ಒಂದೇ ಹಾಡಿಗೆ. ಎರಡು ಇಂಚಿನ ಟೇಪು ಅಗ್ಗದ ಮಾಲಲ್ಲ. ಹಾಗಾಗಿ ಎಂಜಿನಿಯರ್ ಮಾಡುತ್ತಿದ್ದದ್ದು ಇಷ್ಟೇ: ಒಳ್ಳೆಯ ಟೇಕನ್ನು ಬ್ಲೇಡಿನಿಂದ ಕತ್ತರಿಸಿ ಮಾಸ್ಟರ್ ರೀಲಿಗೆ ಸೇರಿಸುವುದು, ಉಳಿದದ್ದರ ಮೇಲೆ ಮರುದಿನ ಬೇರೆ ಹಾಡನ್ನು ಮುದ್ರಿಸುವುದು. ಇಂದು ಪೆಟ್ಟಿಗೆಗಳಲ್ಲಿ ಬರುವ ಔಟ್‌ಟೇಕುಗಳು (ಆಲ್ಬಂಗೆ ಬಳಸದೆ ಬಿಟ್ಟ ಮುದ್ರಣಗಳು) ಯಾರೋ ಜೋಪಾನ ಮಾಡಿಟ್ಟವು ಎಂದುಕೊಳ್ಳುವುದಕ್ಕಿಂತ, ಅಳಿಸಲು ಮರೆತವು ಎಂದುಕೊಳ್ಳುವುದೇ ಸರಿ.

ಇದಕ್ಕೆ ದೊಡ್ಡ ಅಪವಾದ ಬೀಟಲ್ಸ್. ಅವರ ಸ್ಟುಡಿಯೊದಲ್ಲಿ ಸೆಷನ್ ಟೇಪುಗಳನ್ನು ಇಟ್ಟುಕೊಳ್ಳುವ ಪದ್ಧತಿ ಇತ್ತು, ದಿನಚರಿಯ ದಾಖಲೆಯೂ ಇತ್ತು. 2017ರಿಂದ ಒಂದರ ಹಿಂದೊಂದು ಬಂದ ಅವರ ಪೆಟ್ಟಿಗೆಗಳಲ್ಲಿ ಹಾಡು ಹುಟ್ಟುವ ಹಂತಗಳು ಅಷ್ಟು ವಿವರವಾಗಿ ಕೇಳಸಿಗುವುದು ಈ ಕಾರಣಕ್ಕೆ. ಬೇರೆ ಬ್ಯಾಂಡಿನ ಅಭಿಮಾನಿ ‘ಅವರಿಗೆ ಸಿಕ್ಕಿತು, ನಮಗೇಕಿಲ್ಲ’ ಎಂದು ಕೇಳುವುದು ನ್ಯಾಯವೇ, ಆದರೆ ಉತ್ತರ ಅನೇಕ ಸಲ ‘ಅದು ಇಲ್ಲವೇ ಇಲ್ಲ’ ಎಂಬುದು. ಅಲ್ಲಿಯೂ ಎಲ್ಲ ಬಂದಿಲ್ಲ ಬಿಡಿ. 1967ರ ಜನವರಿ 5ರಂದು ಮುದ್ರಿಸಿದ ಸುಮಾರು 14 ನಿಮಿಷದ ಪ್ರಯೋಗವೊಂದು, ‘ಕಾರ್ನಿವಲ್ ಆಫ್ ಲೈಟ್’, ಪ್ರತಿ ವಾರ್ಷಿಕೋತ್ಸವದಲ್ಲೂ ಪಟ್ಟಿಯ ಮೇಲ್ತುದಿಯಲ್ಲಿರುತ್ತದೆ, ಪ್ರತಿಸಲವೂ ಹೊರಗುಳಿಯುತ್ತದೆ. ಅಲ್ಲಿ ಟೇಪಿನ ಕೊರತೆಯಿಲ್ಲ, ಒಪ್ಪಿಗೆಯ ಕೊರತೆ. ಒಪ್ಪಿಗೆಯ ಕಥೆ ಮುಂದೆ ಬರುತ್ತದೆ.

ಹೊಸ ಹಾಡು ಹುಡುಕುವವರು ಸ್ಟುಡಿಯೊಕ್ಕಿಂತ ಪ್ರವಾಸದ ಕಡೆ ನೋಡುವುದು ಜಾಣತನ. ಆ ಕಾಲದಲ್ಲಿ ಆಲ್ಬಂ ಮಾಡುವ ಮೊದಲೇ ಹಾಡುಗಳನ್ನು ವೇದಿಕೆಯಲ್ಲಿ ಪಳಗಿಸುವ ರೂಢಿಯಿತ್ತು. ಪಿಂಕ್ ಫ್ಲಾಯ್ಡ್‌ನ 1977ರ ‘ಅನಿಮಲ್ಸ್’ನಲ್ಲಿರುವ ಎರಡು ಉದ್ದನೆಯ ಹಾಡುಗಳನ್ನು ಅವರು 1974ರಲ್ಲೇ ಬೇರೆ ಹೆಸರಿನಲ್ಲಿ, ಬೇರೆ ಸಾಹಿತ್ಯದೊಂದಿಗೆ ನುಡಿಸುತ್ತಿದ್ದರು. ಆ ರೂಪಗಳು ಅಧಿಕೃತವಾಗಿ ಹೊರಬಂದದ್ದು 2011ರಲ್ಲಿ, 1974ರ ವೆಂಬ್ಲಿ ಕಾನ್ಸರ್ಟಿನ ಟೇಪಿನಿಂದ. ಡೆಮೊ ಎಂದು ಯಾವುದನ್ನು ಹುಡುಕುತ್ತೇವೋ ಅದು ಹೀಗೆ ಸಾವಿರಾರು ಜನರೆದುರೇ ನುಡಿದು ಹೋಗಿರುತ್ತದೆ.

ಅರ್ಧಕ್ಕೆ ನಿಂತ ಹಾಡನ್ನು ಈಗ ಪೂರ್ತಿ ಮಾಡಿ ಕೊಡುವುದು ಇನ್ನೊಂದು ದಾರಿ. ರೋಲಿಂಗ್ ಸ್ಟೋನ್ಸ್ 2010ರಲ್ಲಿ ‘ಎಕ್ಸೈಲ್’ ಮರುಬಿಡುಗಡೆ ಮಾಡುವಾಗ ಕೆಲವು ಹಳೆಯ ಟ್ರ್ಯಾಕುಗಳ ಮೇಲೆ ಮಿಕ್ ಜಾಗರ್ ಹೊಸದಾಗಿ ಹಾಡಿದ. ಇಪ್ಪತ್ತೆಂಟರ ಬ್ಯಾಂಡಿನ ಮೇಲೆ ಅರವತ್ತೈದು ದಾಟಿದ ದನಿ. ಹಾಡು ಚೆನ್ನಾಗಿಯೇ ಇದೆ, ಅದು ತಕರಾರಲ್ಲ. 1971-72ರಲ್ಲಿ ಆ ಟೇಪಿನ ಮೇಲೆ ಏನಿತ್ತು ಎಂಬುದು ಕೇಳುಗನಿಗೆ ಸಿಗದೇ ಹೋಗುವುದು ತಕರಾರು. ಹೊಸ ಬಣ್ಣ ಬಳಿಯುವುದಾದರೆ ಪಕ್ಕದಲ್ಲೇ ಬರಿಗೋಡೆಯನ್ನೂ ತೋರಿಸಬೇಕು, ಇನ್ನೊಂದು ಟ್ರ್ಯಾಕಾಗಿ. ಡಿಸ್ಕಿನಲ್ಲಿ ನಾಲ್ಕು ನಿಮಿಷ ಜಾಗ ಸಾಕು.

ಟೇಪು ಇದೆ ಎಂದಾದ ಮೇಲೆ ಅದು ಓಡುತ್ತದೆಯೇ ಎಂಬ ಪ್ರಶ್ನೆ. ಎಪ್ಪತ್ತರ ದಶಕದ ಮಧ್ಯದಿಂದ ಬಳಕೆಗೆ ಬಂದ, ಹಿಂಬದಿಗೆ ಕಪ್ಪು ಲೇಪವಿರುವ ಟೇಪುಗಳಲ್ಲಿ, ಮುಖ್ಯವಾಗಿ ಆಂಪೆಕ್ಸ್ 406 ಮತ್ತು 456ರಲ್ಲಿ, ಅಯಸ್ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಕಳಚುತ್ತದೆ. ಅಂಥ ಟೇಪನ್ನು ಹಾಗೇ ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಕೂಗುತ್ತದೆ, ಟೇಪನ್ನು ಓದುವ ಯಂತ್ರದ ತಲೆಗೆ ಅಂಟಿಕೊಳ್ಳುತ್ತದೆ, ಕಂದು ಪುಡಿ ಉದುರುತ್ತದೆ. ಉದುರಿದ್ದು ಪುಡಿಯಲ್ಲ, ಸಂಗೀತ. ಒಮ್ಮೆ ಹೋದದ್ದು ಹೋಯಿತು. ಇದಕ್ಕೆ ಪರಿಹಾರ ಟೇಪನ್ನು ಬೇಯಿಸುವುದು. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನ ಒಣ, ಏರಿಳಿಯದ ಶಾಖದಲ್ಲಿ ಕಾಲು ಇಂಚಿನ ಟೇಪಿಗೆ ಎಂಟು ಗಂಟೆಯಷ್ಟು, ಎರಡು ಇಂಚಿನದಕ್ಕೆ ಅದಕ್ಕಿಂತ ಬಹಳ ಹೆಚ್ಚು, ನಡುವೆ ರೀಲನ್ನು ಮಗುಚುತ್ತ. ಶಾಖ ಮೇಲೆ ಹೋದರೆ ಟೇಪು ಸೊಟ್ಟಗಾಗುತ್ತದೆ. ಅಡುಗೆಯ ಓವನ್ನಿನಲ್ಲಿ ಉಷ್ಣತೆ ನಿಂತಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅದು ನಿಷಿದ್ಧ. ಬೇಯಿಸಿದ ಟೇಪು ಕೆಲವು ವಾರ ಹೊಸದರಂತೆ ಓಡುತ್ತದೆ, ಆಮೇಲೆ ಮತ್ತೆ ತೇವ ಹೀರುತ್ತದೆ. ಅಷ್ಟರೊಳಗೆ ಡಿಜಿಟಲ್‌ಗೆ ಇಳಿಸಿಬಿಡಬೇಕು. ಅರವತ್ತರ ದಶಕದ ಹಳೆಯ ಅಸಿಟೇಟ್ ಟೇಪಿಗೆ ಈ ಚಿಕಿತ್ಸೆ ಮಾಡಲೇಬಾರದು, ಅದರ ರೋಗ ಬೇರೆ. ಅದು ವಿನೆಗರ್ ವಾಸನೆ ಬೀರುತ್ತ ಸುರುಳಿ ಸುತ್ತಿಕೊಂಡು ಪುಡಿಯಾಗುತ್ತದೆ, ಬಿಸಿ ಕೊಟ್ಟರೆ ಬೇಗ ಸಾಯುತ್ತದೆ.

ಇಳಿಸುವುದೂ ಗುಂಡಿ ಒತ್ತಿ ಕೂರುವ ಕೆಲಸವಲ್ಲ. ರೀಲಿನ ಆರಂಭದಲ್ಲಿ 100 ಹರ್ಟ್ಸ್, 1,000 ಹರ್ಟ್ಸ್, 10,000 ಹರ್ಟ್ಸ್‌ನಂಥ ಟೋನುಗಳನ್ನು ಮುದ್ರಿಸಿರುತ್ತಾರೆ. ಆ ಟೋನಿಗೆ ಯಂತ್ರದ ತಲೆಯ ಕೋನವನ್ನೂ ಮಟ್ಟವನ್ನೂ ಹೊಂದಿಸಿದ ಮೇಲೆಯೇ ಸಂಗೀತ. ಡಾಲ್ಬಿಯಂಥ ಸದ್ದಿಳಿಕೆ (ಟೇಪಿನ ಹಿನ್ನೆಲೆ ಸದ್ದು ತಗ್ಗಿಸುವ ತಂತ್ರ) ಹಾಕಿದ ಟೇಪಾದರೆ ಮಟ್ಟ ಸ್ವಲ್ಪ ತಪ್ಪಿದರೂ ಸಿಂಬಲ್ ಉಸಿರಾಡಿದಂತೆ ಏರಿಳಿಯುತ್ತದೆ. ರೀಲಿನ ಆರಂಭ ಕತ್ತರಿಸಿಹೋಗಿ ಟೋನಿಲ್ಲದಿದ್ದರೆ ಕಿವಿಯೇ ಗತಿ. ಹಾಳಾಗಿ ಕೇಳುವ ಎಷ್ಟೋ ‘ಬೋನಸ್’ ಟ್ರ್ಯಾಕುಗಳ ತಪ್ಪು ಟೇಪಿನದಲ್ಲ, ಈ ಹಂತದ್ದು.

2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಧ್ವನಿಮುದ್ರಣ ಸಂಗ್ರಹವೂ ಸುಟ್ಟಿತ್ತು ಎಂಬುದು ಹೊರಜಗತ್ತಿಗೆ ಸರಿಯಾಗಿ ತಿಳಿದದ್ದು 2019ರ ಪತ್ರಿಕಾ ವರದಿಯಿಂದ. ಯಾವ ಬ್ಯಾಂಡಿನದು ಎಷ್ಟು ಹೋಯಿತು ಎಂಬ ವಾದ ಆಮೇಲೂ ನಡೆಯಿತು. ಯಾವುದಾದರೂ ಪೆಟ್ಟಿಗೆಯಲ್ಲಿ ರೀಮಿಕ್ಸ್ ಇಲ್ಲದೆ ಬರೀ ರೀಮಾಸ್ಟರ್ ಬಂದರೆ, ಮಲ್ಟಿಟ್ರ್ಯಾಕ್ ಇಲ್ಲವೇನೋ ಎಂಬ ಅನುಮಾನವನ್ನೂ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿರಬೇಕು.

ಈ ಎರಡು ಪದಗಳನ್ನು ಬೆರೆಸಿ ಮಾತಾಡುವುದು ಈಗಲೂ ನಿಂತಿಲ್ಲ. ರೀಮಾಸ್ಟರ್ ಎಂದರೆ ಸ್ಟೀರಿಯೊ ಮಾಸ್ಟರನ್ನು ತೆಗೆದುಕೊಂಡು ಒಟ್ಟು ದನಿಯ ಬಣ್ಣ, ಮಟ್ಟ ತಿದ್ದುವುದು. ಗಿಟಾರನ್ನು ಮಾತ್ರ ಎತ್ತುವುದು ಅಲ್ಲಿ ಸಾಧ್ಯವಿಲ್ಲ. ರೀಮಿಕ್ಸ್ ಎಂದರೆ ಮಲ್ಟಿಟ್ರ್ಯಾಕಿಗೆ ಹಿಂತಿರುಗಿ ಎಲ್ಲವನ್ನೂ ಮೊದಲಿಂದ ಕೂಡಿಸುವುದು. ಮೆಟಾಲಿಕಾದ 1988ರ ‘ಜಸ್ಟಿಸ್’ ಆಲ್ಬಂನಲ್ಲಿ ಬಾಸ್ ಗಿಟಾರ್ ಕೇಳುವುದೇ ಇಲ್ಲ ಎಂಬ ದೂರು ಆಲ್ಬಂನಷ್ಟೇ ಹಳೆಯದು. 2018ರ ದೊಡ್ಡ ಪೆಟ್ಟಿಗೆಯಲ್ಲಿ ಅದು ಸರಿಹೋಗಬಹುದು ಎಂದು ಕಾದವರಿಗೆ ಸಿಕ್ಕಿದ್ದು ರೀಮಾಸ್ಟರ್. ಬಾಸ್ ಎಲ್ಲಿತ್ತೋ ಅಲ್ಲೇ. ಅದು ಬ್ಯಾಂಡಿನ ಉದ್ದೇಶಪೂರ್ವಕ ತೀರ್ಮಾನ, ಚರಿತ್ರೆಯನ್ನು ತಿದ್ದುವುದಿಲ್ಲ ಎಂಬ ನಿಲುವು. ಗೌರವಿಸಬಹುದಾದ ನಿಲುವೇ. ಆದರೂ ಎರಡನೆಯ ಡಿಸ್ಕಿನಲ್ಲಿ ಒಂದು ರೀಮಿಕ್ಸ್ ಇಟ್ಟಿದ್ದರೆ ಚರಿತ್ರೆಗೇನೂ ಧಕ್ಕೆಯಾಗುತ್ತಿರಲಿಲ್ಲ.

ರೀಮಾಸ್ಟರಿನ ದೊಡ್ಡ ಕಾಯಿಲೆ ಅಬ್ಬರ. ಎಪ್ಪತ್ತರ ದಶಕದ ಒಳ್ಳೆಯ ರಾಕ್ ಆಲ್ಬಂನ ಮೂಲ ಮುದ್ರಣವನ್ನು ಡಿಆರ್ ಅಳತೆಗೆ (ಸಂಗೀತದ ಏರಿಳಿತ ಎಷ್ಟೆಂದು ಹೇಳುವ ಅಂಕ) ಹಾಕಿದರೆ 11ರಿಂದ 14ರ ಆಸುಪಾಸು ಬರುವುದು ಸಾಮಾನ್ಯ. ಅದೇ ಆಲ್ಬಂನ ಹೊಸ ಆವೃತ್ತಿ 7ಕ್ಕೆ ಬಂದರೆ ಏನೋ ಕಿತ್ತುಹೋಗಿದೆ ಎಂದರ್ಥ. ಮೆಲ್ಲಗಿನ ಭಾಗವನ್ನು ಎತ್ತಿ, ಜೋರಿನ ತುದಿಗಳನ್ನು ಕತ್ತರಿಸಿ ಎಲ್ಲವನ್ನೂ ಒಂದೇ ಎತ್ತರದ ಬೇಲಿ ಮಾಡಿರುತ್ತಾರೆ. ಸ್ನೇರ್ ಡ್ರಮ್ಮಿನ ಪೆಟ್ಟು ಮೊದಲು ಸಾಯುತ್ತದೆ, ಆಮೇಲೆ ಕೇಳುಗನ ಕಿವಿ ದಣಿಯುತ್ತದೆ. ಮೆಟಾಲಿಕಾದ್ದೇ 2008ರ ‘ಡೆತ್ ಮ್ಯಾಗ್ನೆಟಿಕ್’ ಈ ಅಳತೆಯಲ್ಲಿ 3ಕ್ಕೆ ಇಳಿದು ಕುಖ್ಯಾತವಾಯಿತು. ಅದೇ ಹಾಡುಗಳು ವಿಡಿಯೊ ಗೇಮಿಗೆ ಕೊಟ್ಟ ರೂಪದಲ್ಲಿ ಸ್ವಚ್ಛವಾಗಿ ಕೇಳಿದವು. ಒಂದು ಎಚ್ಚರಿಕೆ: ಈ ಅಳತೆಯನ್ನು ಎಲ್‌ಪಿಯಿಂದ ಇಳಿಸಿದ ಫೈಲಿಗೆ ಹಾಕಿ ಸಿಡಿಯೊಂದಿಗೆ ಹೋಲಿಸಬಾರದು. ಕೊರೆಯುವಾಗ, ಮುಳ್ಳು ಓದುವಾಗ ಅಲೆಯ ಆಕಾರ ಬದಲಾಗಿ ತುದಿಗಳು ಸುಳ್ಳುಸುಳ್ಳೇ ಎತ್ತರವಾಗುತ್ತವೆ. ಒಂದೇ ಮಾಸ್ಟರಿನಿಂದ ಮಾಡಿದ ಎಲ್‌ಪಿ ಮೂರ್ನಾಲ್ಕು ಅಂಕ ಹೆಚ್ಚು ತೋರಿಸಿ ಮರುಳು ಮಾಡುತ್ತದೆ.

ತಮಾಷೆಯೆಂದರೆ ಈಗ ಅಬ್ಬರಕ್ಕೆ ಲಾಭವೂ ಇಲ್ಲ. ಸ್ಟ್ರೀಮಿಂಗ್ ಸೇವೆಗಳು ಎಲ್ಲ ಹಾಡನ್ನೂ ಸುಮಾರು ಒಂದೇ ಮಟ್ಟಕ್ಕೆ ತರುತ್ತವೆ. ಜೋರಾಗಿ ಮಾಡಿದ್ದನ್ನು ಅಲ್ಲಿ ತಗ್ಗಿಸಲಾಗುತ್ತದೆ, ಕತ್ತರಿಸಿದ ತುದಿಗಳು ಮಾತ್ರ ವಾಪಸ್ ಬರುವುದಿಲ್ಲ. ಅಭಿಮಾನಿಗಳು ಒಕ್ಕೊರಲಿನಿಂದ ಕೇಳಬೇಕಾದ ಒಂದೇ ಒಂದು ವಿಷಯ ಯಾವುದು ಎಂದರೆ ನನ್ನ ಉತ್ತರ ಇದು: ಮಾಸ್ಟರ್ ಟೇಪನ್ನು ಏನೂ ತಿದ್ದದೆ ಇಳಿಸಿದ ಫ್ಲಾಟ್ ಟ್ರಾನ್ಸ್‌ಫರ್, 24 ಬಿಟ್, 96 ಕಿಲೋಹರ್ಟ್ಸ್, ಒಂದು ಬ್ಲೂ-ರೇ ಮೂಲೆಯಲ್ಲಿ. ಕಂಪನಿಗೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಆ ಫೈಲು ಇದ್ದೇ ಇರುತ್ತದೆ. ಕಿಂಗ್ ಕ್ರಿಮ್ಸನ್ ಮತ್ತು ಜೆಥ್ರೊ ಟಲ್ ಆವೃತ್ತಿಗಳಲ್ಲಿ ಇಂಥದ್ದನ್ನು ಕೊಟ್ಟಿದ್ದಾರೆ, ಆಕಾಶವೇನೂ ಕಳಚಿಬಿದ್ದಿಲ್ಲ.

ರೀಮಿಕ್ಸಿನ ಕಡೆ ಬಂದರೆ, 2009ರಿಂದ ಈ ಕೆಲಸದಲ್ಲಿ ಪದೇ ಪದೇ ಕೇಳಿಬರುವ ಹೆಸರು ಸಂಗೀತಗಾರ ಸ್ಟೀವನ್ ವಿಲ್ಸನ್. ಕಿಂಗ್ ಕ್ರಿಮ್ಸನ್, ಜೆಥ್ರೊ ಟಲ್, ಯೆಸ್, ಜೆಂಟಲ್ ಜೈಂಟ್, ಎಕ್ಸ್‌ಟಿಸಿ. ಅವರ ಕ್ರಮದಲ್ಲಿ ಮೆಚ್ಚುವ ಸಂಗತಿ ವಿನಯ. ಮೊದಲು ಹಳೆಯ ಮಿಕ್ಸನ್ನೇ ಆದಷ್ಟು ಹತ್ತಿರ ಕಟ್ಟುವುದು, ಅದೇ ಜಾಗ, ಅದೇ ಅನುರಣನ, ಅದೇ ಫೇಡ್. ಆಮೇಲೆ ಮುಸುಕು ತೆಗೆಯುವುದು. ಆದರೂ ಬಿರುಕು ಬಿಡುವುದು ಎಲ್ಲಿ ಎಂದರೆ, ಮಲ್ಟಿಟ್ರ್ಯಾಕಿನಲ್ಲಿ ಇಲ್ಲದ ಸದ್ದುಗಳಲ್ಲಿ. ಅಂದಿನ ಎಂಜಿನಿಯರ್ ಮಿಕ್ಸ್ ಮಾಡುವ ಹೊತ್ತಿನಲ್ಲೇ ಟೇಪ್ ಲೂಪನ್ನೋ ಎಕೊವನ್ನೋ ನೇರ ಸ್ಟೀರಿಯೊಗೆ ಸೇರಿಸಿರುತ್ತಾನೆ. ಅದು ಮೂಲ ಟೇಪಿನಲ್ಲಿ ಎಲ್ಲೂ ಇರುವುದಿಲ್ಲ. ಹೊಸ ಮಿಕ್ಸಿನಲ್ಲಿ ‘ಆ ಶಬ್ದ ಎಲ್ಲಿ ಹೋಯಿತು’ ಎಂಬ ಗಲಾಟೆ ಹುಟ್ಟುವುದು ಇದರಿಂದ. ನಲವತ್ತು ವರ್ಷ ಕೇಳಿದ ಕಿವಿಗೆ ಒಂದು ಕೆಮ್ಮು ತಪ್ಪಿದರೂ ಗೊತ್ತಾಗುತ್ತದೆ.

ರೀಮಿಕ್ಸ್ ಯಾವಾಗ ಸಮರ್ಥನೀಯ? ಮೂಲದಲ್ಲೇ ತಪ್ಪಿದ್ದರೆ. ರಶ್ ಬ್ಯಾಂಡಿನ 2002ರ ‘ವೇಪರ್ ಟ್ರೇಲ್ಸ್’ ಹುಟ್ಟುವಾಗಲೇ ಜಜ್ಜಿಹೋಗಿತ್ತು. 2013ರಲ್ಲಿ ಡೇವಿಡ್ ಬಾಟ್ರಿಲ್ ಮಾಡಿದ ರೀಮಿಕ್ಸ್ ಅದಕ್ಕೆ ಉಸಿರು ಕೊಟ್ಟಿತು, ಯಾರೂ ಹಳೆಯದಕ್ಕಾಗಿ ಅಳಲಿಲ್ಲ. ಕ್ವೀನ್ ಕಥೆ ಅಷ್ಟು ಸರಳವಲ್ಲ. 1973ರ ಮೊದಲ ಆಲ್ಬಂನ ಡ್ರಮ್ ದನಿ ತಮಗೆ ಎಂದೂ ಒಗ್ಗಿರಲಿಲ್ಲ ಎಂದು ಬ್ಯಾಂಡ್ ಹೇಳುತ್ತಲೇ ಇತ್ತು. 2024ರಲ್ಲಿ ‘ಕ್ವೀನ್ 1’ ಎಂಬ ಹೆಸರಿನಲ್ಲಿ ಡ್ರಮ್ಮನ್ನು ಬದಲಿಸಿ, ಅಂದು ಕೈಬಿಟ್ಟಿದ್ದ ಹಾಡೊಂದನ್ನು ಅದರ ಜಾಗಕ್ಕೆ ಮರಳಿ ಸೇರಿಸಿ ಹೊರತಂದರು. ಅವರಿಗೆ ಅದು ಕೊನೆಗೂ ಸರಿಹೋದ ಆಲ್ಬಂ, ಅನೇಕ ಅಭಿಮಾನಿಗಳಿಗೆ ಬೇರೊಂದು ಆಲ್ಬಂ. ಇಬ್ಬರೂ ಸರಿ. ಹಳೆಯದನ್ನು ಅಂಗಡಿಯಿಂದಲೂ ಸ್ಟ್ರೀಮಿಂಗಿನಿಂದಲೂ ಮಾಯ ಮಾಡಿದಾಗ ಮಾತ್ರ ಜಗಳಕ್ಕೆ ಅರ್ಥ ಬರುತ್ತದೆ.

ಟ್ರ್ಯಾಕುಗಳನ್ನು ಬಿಡಿಸುವ ಹೊಸ ತಂತ್ರ ಆಸೆಗಳನ್ನು ಎಲ್ಲಿಗೋ ಒಯ್ದಿದೆ. 2017ರಲ್ಲಿ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ರೀಮಿಕ್ಸ್ ಮಾಡುವಾಗ ನಿರ್ಮಾಪಕ ಗೈಲ್ಸ್ ಮಾರ್ಟಿನ್ ನಾಲ್ಕು ಟ್ರ್ಯಾಕುಗಳನ್ನು ಒಂದಕ್ಕೆ ಕುಗ್ಗಿಸುವ ಮೊದಲಿನ ರೀಲುಗಳಿಗೆ ಹಿಂತಿರುಗಿ, ಅವನ್ನು ಡಿಜಿಟಲ್ ಆಗಿ ಹೊಂದಿಸಿದ್ದರು. ಅವರದೇ ‘ರಿವಾಲ್ವರ್’ ಆಲ್ಬಂಗೆ ಆ ದಾರಿ ಇರಲಿಲ್ಲ. ಅಲ್ಲಿ ಡ್ರಮ್, ಬಾಸ್, ಗಿಟಾರ್ ಒಟ್ಟಿಗೆ ನುಡಿಸಿ ಒಂದೇ ಟ್ರ್ಯಾಕಿನಲ್ಲಿ ಹೊಲಿದುಕೊಂಡಿದ್ದವು. 2022ರಲ್ಲಿ ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಯಂತ್ರಕಲಿಕೆಯ ತಂತ್ರ ಆ ಹೊಲಿಗೆ ಬಿಚ್ಚಿತು. ಅಂದಿನಿಂದ ಪ್ರತಿ ಬ್ಯಾಂಡಿನ ಅಭಿಮಾನಿಗೂ ‘ಹಾಗಾದರೆ ನಮ್ಮ ಕ್ಯಾಸೆಟ್ಟಿನಿಂದಲೂ ರೀಮಿಕ್ಸ್ ಮಾಡಬಹುದಲ್ಲ’ ಎನಿಸುತ್ತಿದೆ. ಮಾಡಬಹುದು, ಮಿತಿಯಲ್ಲಿ. ಸಿಂಬಲ್ಲಿನ ಹೊಳಪು ಮತ್ತು ಹಾಡುಗಾರನ ‘ಸ’ಕಾರಗಳು ಒಂದೇ ತರಂಗಪಟ್ಟಿಯಲ್ಲಿ ಕೂತಿರುತ್ತವೆ. ಬಿಡಿಸಿದಾಗ ನೀರೊಳಗಿನಿಂದ ಬಂದಂಥ ಗುಳುಗುಳು ಅಲ್ಲೇ ಮೊದಲು ಕೇಳುವುದು. ಬಿಡಿಸಿದ್ದನ್ನು ಮತ್ತೆ ಕೂಡಿಸಿದರೆ ಅದು ಮುಚ್ಚಿಹೋಗುತ್ತದೆ, ಒಂಟಿಯಾಗಿ ಬಿಟ್ಟರೆ ಬಯಲಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಸ್ಟುಡಿಯೊ ಆಲ್ಬಂನ ಆರನೆಯ ಆವೃತ್ತಿಗಿಂತ ಆ ವರ್ಷದ ಒಂದು ಪೂರ್ತಿ ಕಾನ್ಸರ್ಟ್ ಬೆಲೆಯುಳ್ಳದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಿಂಗ್ ಕ್ರಿಮ್ಸನ್ ಇದನ್ನು ವಿಪರೀತಕ್ಕೆ ಒಯ್ದಿತು: 2012ರ ಪೆಟ್ಟಿಗೆ 15 ಡಿಸ್ಕು, 2013ರದು 24, 2014ರದು 27. ಒಂದೇ ಪ್ರವಾಸದ ರಾತ್ರಿ ಮೇಲೆ ರಾತ್ರಿ. ಮೇಲುನೋಟಕ್ಕೆ ಹುಚ್ಚು. ಆದರೆ ಪ್ರತಿ ರಾತ್ರಿ ಬೇರೆಯೇ ನುಡಿಸುವ ಬ್ಯಾಂಡಿಗೆ ಅದೇ ಸರಿಯಾದ ರೂಪ. ಪ್ರತಿ ರಾತ್ರಿ ಒಂದೇ ಪಟ್ಟಿ ನುಡಿಸುವ ಬ್ಯಾಂಡಿಗೆ ಒಂದು ಸಾಕು, ಪೂರ್ತಿಯಾಗಿ, ಹಾಡುಗಳ ನಡುವಿನ ಮಾತೂ ಶ್ರುತಿ ಹೊಂದಿಸುವ ಸದ್ದೂ ಸೇರಿ.

ಲೆಡ್ ಜೆಪ್ಪೆಲಿನ್ ಅಭಿಮಾನಿಗಳ ಕೊರಗು ಇಲ್ಲಿಯದು. 1975ರ ಮೇ ತಿಂಗಳಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಐದು ರಾತ್ರಿ ನುಡಿಸಿದರು. ಮಲ್ಟಿಟ್ರ್ಯಾಕ್ ಇದೆ, ವಿಡಿಯೊ ಇದೆ ಎಂಬುದು 2003ರ ಡಿವಿಡಿಯಿಂದಲೇ ಎಲ್ಲರಿಗೂ ಗೊತ್ತು. ‘ಫಿಸಿಕಲ್ ಗ್ರಾಫಿಟಿ’ಗೆ ಐವತ್ತು ತುಂಬಿದ 2025ರಲ್ಲಿ ಒಂದು ರಾತ್ರಿಯಾದರೂ ಪೂರ್ತಿ ಬರಬಹುದೆಂದು ಕಾದರೆ, ಬಂದದ್ದು ನಾಲ್ಕು ಹಾಡಿನ ಇಪಿ. ಎರಡು ಅರ್ಲ್ಸ್ ಕೋರ್ಟಿನವು, ಎರಡು 1979ರ ನೆಬ್‌ವರ್ತ್‌ನವು, ನಾಲ್ಕೂ ಆ ಡಿವಿಡಿಯಲ್ಲಿ ಇದ್ದವೇ. ಇದ್ದೂ ಕೊಡದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇಲ್ಲದಿದ್ದರೂ ದಾರಿ ಹುಡುಕಿದ ಉದಾಹರಣೆ ಅದೇ ವರ್ಷದ ಡಿಸೆಂಬರಿನದು. ‘ವಿಶ್ ಯು ವರ್ ಹಿಯರ್’ನ ಐವತ್ತರ ಪೆಟ್ಟಿಗೆಯಲ್ಲಿ ಪಿಂಕ್ ಫ್ಲಾಯ್ಡ್ ಸೇರಿಸಿದ್ದು ಒಬ್ಬ ಪ್ರೇಕ್ಷಕನ ಕ್ಯಾಸೆಟ್ಟನ್ನು. 1975ರ ಏಪ್ರಿಲ್ 26ರ ಲಾಸ್ ಏಂಜಲೀಸ್ ಕಾನ್ಸರ್ಟ್, ಮುದ್ರಿಸಿದವನು ಮೈಕ್ ಮಿಲ್ಲಾರ್ಡ್. ಬೂಟ್‌ಲೆಗ್ (ಅನುಮತಿಯಿಲ್ಲದ ಮುದ್ರಣ) ಲೋಕದಲ್ಲಿ ದಂತಕತೆಯಾದ, ಉಪಕರಣ ಒಳಗೆ ಸಾಗಿಸಲು ಗಾಲಿಕುರ್ಚಿಯಲ್ಲಿ ಕೂತು ಹೋದದ್ದೂ ಉಂಟು ಎನ್ನುವ ಆಸಾಮಿ. ಒಂದು ಕಾಲದಲ್ಲಿ ಬಾಗಿಲಲ್ಲಿ ತಡೆಯಬೇಕಾಗಿದ್ದ ಟೇಪನ್ನು ಈಗ ಬ್ಯಾಂಡೇ ಬಾಗಿಲು ತೆರೆದು ಕರೆದುಕೊಂಡಿದೆ. ಸ್ಟೀವನ್ ವಿಲ್ಸನ್ ಅದನ್ನು ಶುಚಿಗೊಳಿಸಿದರು.

ಇಂಥ ಟೇಪನ್ನು ಸರಿಪಡಿಸುವುದರಲ್ಲಿ ಮೊದಲ ಕೆಲಸ ಸದ್ದಿಳಿಕೆಯಲ್ಲ, ವೇಗ. ಬ್ಯಾಟರಿ ರೆಕಾರ್ಡರ್ ಕಾನ್ಸರ್ಟ್ ಮುಂದುವರಿದಂತೆ ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿವೇಗದಲ್ಲಿ ಕೇಳಿದರೆ ಶ್ರುತಿ ಏರುತ್ತದೆ. ಆರ್ಗನ್ ಅಥವಾ ವಿದ್ಯುತ್ ಪಿಯಾನೊದ ಸ್ಥಿರ ಶ್ರುತಿಯೊಂದಿಗೋ, ಧ್ವನಿವರ್ಧಕದಿಂದ ಬರುವ ವಿದ್ಯುತ್ತಿನ ಗುಂಯ್‌ಗುಡುವಿಕೆಯೊಂದಿಗೋ ಹೋಲಿಸಿ ತಿದ್ದುತ್ತಾರೆ. ಆ ಗುಂಯ್ ಅಮೆರಿಕದಲ್ಲಿ 60 ಹರ್ಟ್ಸ್, ಯುರೋಪಿನಲ್ಲಿ 50. ಎರಡನೆಯದು ಮಗುಚುವ ತೊಂದರೆ. 90 ನಿಮಿಷದ ಕ್ಯಾಸೆಟ್ಟಿಗೆ ಬದಿಗೆ 45 ನಿಮಿಷ. ಒಳ್ಳೆಯ ಟೇಪುಗಾರ ಹಾಡಿನ ನಡುವೆ ಮಗುಚುತ್ತಿರಲಿಲ್ಲ, ಆದರೆ ಇಪ್ಪತ್ತು ನಿಮಿಷದ ಹಾಡು ನುಡಿಸುವ ಬ್ಯಾಂಡಿನ ಮುಂದೆ ಅವನಾದರೂ ಏನು ಮಾಡಿಯಾನು. ಆ ಕಿಂಡಿಗೆ ಇನ್ನೊಬ್ಬ ಪ್ರೇಕ್ಷಕನ ಟೇಪಿನಿಂದ ತೇಪೆ ಹಾಕುತ್ತಾರೆ. ದೂರದ ಸೀಟಿನ ದನಿ ಇದ್ದಕ್ಕಿದ್ದಂತೆ ನುಗ್ಗಿ ಹತ್ತು ಸೆಕೆಂಡಿನಲ್ಲಿ ಹೋದರೆ ಅದು ತೇಪೆಯೆಂದು ತಿಳಿಯಬಹುದು.

ಅಧಿಕೃತ ಟೇಪೂ ಮುಗಿದುಹೋಗುವುದುಂಟು. ಜೆನೆಸಿಸ್‌ನ 1975ರ ಜನವರಿ 24ರ ಶ್ರೈನ್ ಆಡಿಟೋರಿಯಂ ಕಾನ್ಸರ್ಟಿನಲ್ಲಿ ಕೊನೆಯ ಹಾಡಿನ ಹೊತ್ತಿಗೆ ಟೇಪು ಮುಗಿದಿತ್ತು. 1998ರಲ್ಲಿ ಅದನ್ನು ಹೊರತರುವಾಗ ಆ ಜಾಗಕ್ಕೆ ಸ್ಟುಡಿಯೊ ರೂಪವನ್ನು ಮರುಮಿಕ್ಸ್ ಮಾಡಿ ಹಾಕಿದರು. ಬ್ಯಾಂಡಿನ ಅಂದಿನ ಹಾಡುಗಾರ ಪೀಟರ್ ಗೇಬ್ರಿಯಲ್ ಬಹಳಷ್ಟು ಕಡೆ ಹೊಸದಾಗಿ ಹಾಡಿದ. ವೇದಿಕೆಯಲ್ಲಿ ಅವನ ಮೈಮೇಲೆ ವೇಷ, ಮೈಕು ಬಾಯಿಗೆ ನಿಲುಕದ ಸ್ಥಿತಿ, ಹಾಗಾಗಿ ಮೂಲದಲ್ಲಿ ದನಿಯೇ ಕಾಣೆ. ಬಹಳ ಮಂದಿ ಇದನ್ನು ಮೋಸವೆಂದರು. ಆ ವೇಷದೊಳಗೆ ಹಾಡಿದ್ದನ್ನು ಕೇಳಿದವರು ಸುಮ್ಮನಾದರು.

ಹಳೆಯ ಟೇಪುಗಳು ಐವತ್ತನೇ ವರ್ಷದ ಹೊತ್ತಿಗೇ ಏಕೆ ಎದ್ದು ಬರುತ್ತವೆ ಎಂಬುದಕ್ಕೆ ಹುಟ್ಟುಹಬ್ಬದ ಭಾವನೆಯಾಚೆ ಒಂದು ಒಣ ಕಾರಣವಿದೆ. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನ ಧ್ವನಿಮುದ್ರಣಗಳ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿತು. 2013ರ ನವೆಂಬರಿನೊಳಗೆ ಸದಸ್ಯ ದೇಶಗಳು ಅದನ್ನು ಕಾನೂನು ಮಾಡಬೇಕಿತ್ತು. ಷರತ್ತು: ಮುದ್ರಿಸಿದ 50 ವರ್ಷದೊಳಗೆ ಅದು ಪ್ರಕಟವಾಗಿರಬೇಕು, ಇಲ್ಲವೇ ಪ್ರಸಾರದಂಥ ರೀತಿಯಲ್ಲಿ ಸಾರ್ವಜನಿಕರಿಗೆ ತಲುಪಿರಬೇಕು. ಇಲ್ಲದಿದ್ದರೆ ಹಕ್ಕು ಅಲ್ಲಿಗೇ ಮುಗಿಯಿತು. ಅದಕ್ಕೇ 2012ರ ಕೊನೆಯಲ್ಲಿ ಬಾಬ್ ಡಿಲನ್‌ನ 1962ರ ಧ್ವನಿಮುದ್ರಣಗಳು ಸುಮಾರು ನೂರೇ ಪ್ರತಿಗಳಲ್ಲಿ ಸದ್ದಿಲ್ಲದೆ ಹೊರಬಿದ್ದವು. 2013ರ ಡಿಸೆಂಬರಿನಲ್ಲಿ ಬೀಟಲ್ಸ್‌ನ 1963ರ 59 ಟ್ರ್ಯಾಕುಗಳು ಬರೀ ಡೌನ್‌ಲೋಡ್ ಆಗಿ ಬಂದವು. ಲೆಕ್ಕ ಸುಲಭ. 1976ರಲ್ಲಿ ಮುದ್ರಿಸಿ ಎಲ್ಲೂ ಹೊರಬಾರದ ಟೇಪಿಗೆ ಗಡುವು 2026ರ ಡಿಸೆಂಬರ್ 31, 1977ರದ್ದಕ್ಕೆ ಮರುವರ್ಷದ ಅದೇ ದಿನ. ಆಲ್ಬಂ ಹೊರಬಂದ ವರ್ಷವಲ್ಲ, ಟೇಪು ಓಡಿದ ವರ್ಷ ಮುಖ್ಯ. ಹಾಗಾಗಿ ಡಿಸೆಂಬರಿನ ಕೊನೆಯ ಎರಡು ವಾರ ಬ್ಯಾಂಡಿನ ಹೆಸರನ್ನು ಡಿಜಿಟಲ್ ಅಂಗಡಿಗಳಲ್ಲಿ ಹುಡುಕುತ್ತಿರಬೇಕು. ಪ್ರಕಟಣೆ, ಪೋಸ್ಟರು ಏನೂ ಇರುವುದಿಲ್ಲ, ಕೆಲವು ಜನವರಿಗೆ ಮಾಯವಾಗಿಯೂಬಿಡುತ್ತವೆ.

ಇನ್ನು ಸಹಿಗಳು, ಅಂದರೆ ಒಪ್ಪಿಗೆ. ಪಿಂಕ್ ಫ್ಲಾಯ್ಡ್‌ನ ‘ಅನಿಮಲ್ಸ್’ ರೀಮಿಕ್ಸಿನ ಹೆಸರಿನಲ್ಲೇ 2018 ಎಂದಿದೆ, ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ ವರ್ಷಗಳು ಹೋದದ್ದು ಒಳಪುಸ್ತಿಕೆಯಲ್ಲಿ ಹಾಕಬೇಕಾದ ಬರಹದ ಜಗಳಕ್ಕೆ. ಸಂಗೀತದ ಬಗ್ಗೆ ತಕರಾರೇ ಇರಲಿಲ್ಲ. ಕೊನೆಗೆ ಬರಹವಿಲ್ಲದೆ ಬಂತು. ಡೀಪ್ ಪರ್ಪಲ್‌ನ 1972ರ ‘ಮಶೀನ್ ಹೆಡ್’ ಐವತ್ತರ ಪೆಟ್ಟಿಗೆ ಬಂದದ್ದು 2024ರ ಮಾರ್ಚಿನಲ್ಲಿ, ಐವತ್ತೆರಡಕ್ಕೆ. ಜೆನೆಸಿಸ್‌ನ 1974ರ ನವೆಂಬರಿನ ಆಲ್ಬಂಗೆ 2025ರ ಸೆಪ್ಟೆಂಬರ್ ಬೇಕಾಯಿತು. ವಾರ್ಷಿಕೋತ್ಸವದ ದಿನವನ್ನೇ ಹಿಡಿದು ಕಾಯುವವರು ಒಂದೆರಡು ವರ್ಷ ಕೈಯಲ್ಲಿಟ್ಟುಕೊಂಡು ಕಾಯುವುದು ಒಳ್ಳೆಯದು.

ಎಲ್‌ಪಿಯ ಬಗ್ಗೆ ಚುಟುಕಾಗಿ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಬದಿಗೆ 18ರಿಂದ 22 ನಿಮಿಷ ಆರಾಮ. ಅದಕ್ಕಿಂತ ಹೆಚ್ಚಾದರೆ ಮಟ್ಟ ತಗ್ಗಿಸಬೇಕು, ಇಲ್ಲವೇ ಬಾಸ್ ಕಳೆಯಬೇಕು. 45ರ ವೇಗದಲ್ಲಿ ದನಿ ಚೆನ್ನ, ಆದರೆ ಬದಿಗೆ 12-15 ನಿಮಿಷ. ಇಡೀ ಬದಿ ತುಂಬುವ ಹಾಡು ಬರೆದ ಬ್ಯಾಂಡಿಗೆ 45ರ ಆವೃತ್ತಿ ಕೇಳುವವರು ಹಾಡನ್ನು ಎಲ್ಲಿ ಕತ್ತರಿಸಬೇಕೆಂಬುದನ್ನೂ ಹೇಳಿಬಿಡಲಿ. 180 ಗ್ರಾಂ ತೂಕ ಕೈಗೆ ಚೆನ್ನಾಗಿರುತ್ತದೆ, ಕಿವಿಗೆ ಏನೂ ವ್ಯತ್ಯಾಸವಿಲ್ಲ. ಬಣ್ಣದ ಬಗ್ಗೆ ಮಾತೇ ಬೇಡ. ಎಸಿ/ಡಿಸಿ ಐವತ್ತರ ನೆಪದಲ್ಲಿ 2024ರಲ್ಲಿ ಆಲ್ಬಂಗಳನ್ನೆಲ್ಲ ಚಿನ್ನದ ಬಣ್ಣದ ಎಲ್‌ಪಿಗಳಾಗಿ ತಂದಿತು. ಸಂಗೀತದಲ್ಲಿ ಒಂದು ಸೆಕೆಂಡೂ ಹೆಚ್ಚಿಲ್ಲ.

ಪೆಟ್ಟಿಗೆ ಕೈಗೆ ಬಂದ ಮೇಲೂ ಕೆಲಸವಿದೆ. ತಪ್ಪುಗಳು ಬಹುತೇಕ ಒಂದೇ ಜಾತಿಯವು. ಹಾಡಿಗೆ ಹಾಡು ಕೂಡುವಲ್ಲಿ ಅರ್ಧ ಸೆಕೆಂಡ್ ಮೌನ ನುಸುಳಿರುವುದು, ಎಡ-ಬಲ ಅದಲುಬದಲಾಗಿರುವುದು, ಸರೌಂಡ್ ಮಿಕ್ಸಿನಲ್ಲಿ ಹಿಂದಿನ ಚಾನೆಲ್ ಮುಂದೆ ಬಂದಿರುವುದು, ರೀಮಿಕ್ಸ್ ಎಂದು ಬರೆದ ಕಡೆ ಹಳೆಯ ಮಿಕ್ಸೇ ಇರುವುದು, ಬಿಗಿಯಾದ ರಟ್ಟಿನ ಜೇಬಿನಿಂದ ಡಿಸ್ಕಿಗೆ ಗೀರು. ಮಿಕ್ಸ್ ಅದಲುಬದಲನ್ನು ಹಿಡಿಯಲು ಹಳೆಯ ಮತ್ತು ಹೊಸ ಫೈಲನ್ನು ಒಂದೇ ಮಟ್ಟಕ್ಕೆ ತಂದು, ಒಂದರ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿ ನೋಡಬೇಕು. ಬಹುತೇಕ ಮೌನ ಉಳಿದರೆ ಎರಡೂ ಒಂದೇ ವರ್ಗಾವಣೆಯವು. ರೀಮಿಕ್ಸಾಗಿದ್ದರೆ ಇಡೀ ಹಾಡೇ ಉಳಿಯುತ್ತದೆ. ಇಂಥ ತಪ್ಪಿಗೆ ಬದಲಿ ಡಿಸ್ಕು ಕೊಡುವುದು ವಾಡಿಕೆ, ಆದರೆ ಅದಕ್ಕೊಂದು ಅವಧಿ ಇರುತ್ತದೆ. 27 ಡಿಸ್ಕಿನ ಪೆಟ್ಟಿಗೆಯೆಂದರೆ ದಿನಕ್ಕೊಂದರಂತೆ ಕೇಳಿದರೂ ಸುಮಾರು ನಾಲ್ಕು ವಾರ. ಹತ್ತೊಂಬತ್ತನೆಯದರ ಮಧ್ಯದಲ್ಲಿರುವ ತಪ್ಪು ಅವಧಿ ಮುಗಿದ ಮೇಲೆಯೇ ಕಣ್ಣಿಗೆ ಬೀಳುವುದು ಹೀಗೆ. ಕೊನೆಯ ಡಿಸ್ಕುಗಳಿಂದ ಶುರುಮಾಡಿ. ಮೊದಲಿನವನ್ನು ಹೇಗೂ ಎಲ್ಲರೂ ಕೇಳಿ ಹೇಳುತ್ತಾರೆ.